ಅಮೆರಿಕದ ಅಂತರ್ಯುದ್ಧ: ವಿಮೋಚನಾ ಘೋಷಣೆಯ ನಕ್ಷೆಯನ್ನು ಓದುವ ಬಗೆ

ಅಮೆರಿಕದ ಅಂತರ್ಯುದ್ಧದ ಹೊರಚೌಕಟ್ಟು ಕಷ್ಟದ್ದಲ್ಲ. ಹೊಸ ಪ್ರದೇಶಗಳಿಗೆ ಗುಲಾಮಗಿರಿ ಹಬ್ಬಕೂಡದೆಂಬ ನಿಲುವಿನ ಅಬ್ರಹಾಂ ಲಿಂಕನ್ 1860ರ ನವೆಂಬರಿನಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ಅವರು ಅಧಿಕಾರ ವಹಿಸಿಕೊಳ್ಳುವುದರೊಳಗೆ ದಕ್ಷಿಣದ ಏಳು ರಾಜ್ಯಗಳು ಒಕ್ಕೂಟವನ್ನು ತೊರೆದು, ಜೆಫರ್ಸನ್ ಡೇವಿಸ್ ಅವರನ್ನು ತಮ್ಮ ಅಧ್ಯಕ್ಷರನ್ನಾಗಿ ಮಾಡಿಕೊಂಡಿದ್ದವು. 1861ರ ಏಪ್ರಿಲ್ 12ರಂದು, ಚಾರ್ಲ್‌ಸ್ಟನ್ ಬಂದರಿನಲ್ಲಿ ಒಕ್ಕೂಟದ (ಅಂದರೆ ಉತ್ತರದ) ಸೇನೆಯ ಕೈಯಲ್ಲಿದ್ದ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರು ದಾಳಿ ಮಾಡಿ ಯುದ್ಧ ಶುರುವಾದ ನಂತರ ಇನ್ನೂ ನಾಲ್ಕು ರಾಜ್ಯಗಳು ಹೊರಬಿದ್ದು ಒಟ್ಟು ಹನ್ನೊಂದಾದವು. ಆದರೆ ಗುಲಾಮಗಿರಿ ಇದ್ದೂ ಒಕ್ಕೂಟದಲ್ಲೇ ಉಳಿದ ನಾಲ್ಕು ರಾಜ್ಯಗಳಿದ್ದವು: ಡೆಲವೇರ್, ಮೇರಿಲ್ಯಾಂಡ್, ಕೆಂಟಕಿ ಮತ್ತು ಮಿಸೌರಿ. ಈ ನಾಲ್ಕು ಹೆಸರುಗಳನ್ನು ಮರೆತರೆ ಮುಂದಿನದೇನೂ ಅರ್ಥವಾಗುವುದಿಲ್ಲ.

ಆಂಟೀಟಮ್: ಅರೆಗೆಲುವಿನ ತೂಕ

ಬಂಡೆದ್ದ ಪ್ರದೇಶಗಳಲ್ಲಿ ಗುಲಾಮಗಿರಿಯಲ್ಲಿದ್ದವರು ಸ್ವತಂತ್ರರೆಂದು ಸಾರುವ ವಿಮೋಚನಾ ಘೋಷಣೆಯ ಕರಡನ್ನು ಲಿಂಕನ್ 1862ರ ಜುಲೈ 22ರಂದೇ ಸಚಿವ ಸಂಪುಟದ ಮುಂದೆ ಓದಿದ್ದರು. ಸೋಲುಗಳ ನಡುವೆ ಹೊರಡಿಸಿದರೆ ದಿಕ್ಕುಗೆಟ್ಟ ಸರ್ಕಾರದ ಮೊರೆಯಂತೆ ಕಂಡೀತು, ಆದ್ದರಿಂದ ಒಂದು ಗೆಲುವಿಗೆ ಕಾಯಬೇಕು ಎಂಬುದು ವಿದೇಶಾಂಗ ಸಚಿವ ವಿಲಿಯಂ ಸೀವರ್ಡ್ ಅವರ ಸಲಹೆಯಾಗಿತ್ತು. ಸೆಪ್ಟೆಂಬರಿನಲ್ಲಿ ದಕ್ಷಿಣದ ಸೇನಾಪತಿ ರಾಬರ್ಟ್ ಲೀ ಮೇರಿಲ್ಯಾಂಡಿಗೆ ನುಗ್ಗಿದಾಗ, ಅವರ ಸೇನಾ ಯೋಜನೆಯ ಒಂದು ಪ್ರತಿ ಮೂರು ಚುಟ್ಟಾಗಳಿಗೆ ಸುತ್ತಿದ ಸ್ಥಿತಿಯಲ್ಲಿ ಉತ್ತರದ ಸೈನಿಕರಿಗೆ ಹೊಲವೊಂದರಲ್ಲಿ ಸಿಕ್ಕಿತು. ವೈರಿಯ ಯೋಜನೆ ಕೈಯಲ್ಲಿದ್ದರೂ ಉತ್ತರದ ಸೇನಾಪತಿ ಜಾರ್ಜ್ ಮೆಕ್‌ಕ್ಲೆಲನ್ ನಿಧಾನಿಸಿದರು. ಆಂಟೀಟಮ್ ತೊರೆಯ ಬಳಿ ನಡೆದ ಕಾಳಗದಲ್ಲಿ, ಸೆಪ್ಟೆಂಬರ್ 17ರ ಒಂದೇ ದಿನದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಎರಡೂ ಕಡೆ ಸುಮಾರು 23,000 ಮಂದಿ. ರಣರಂಗದ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಸಮಬಲದ ಕಾಳಗವೇ ಆದರೂ ಲೀ ಹಿಂದೆ ಸರಿದರು. ಲಿಂಕನ್ ಅವರಿಗೆ ಅಷ್ಟೇ ಸಾಕಾಯಿತು. ಐದು ದಿನಗಳ ನಂತರ ಪ್ರಾಥಮಿಕ ಘೋಷಣೆಯೂ 1863ರ ಜನವರಿ 1ರಂದು ಅಂತಿಮ ಘೋಷಣೆಯೂ ಹೊರಬಿದ್ದವು.

ಎಡವುವ ಜಾಗ

ಗುಲಾಮಗಿರಿಯನ್ನು ಕೊನೆಗಾಣಿಸಲು ಹೊರಟ ಘೋಷಣೆ ಒಕ್ಕೂಟದಲ್ಲೇ ಇದ್ದ ಕೆಂಟಕಿಯನ್ನು ಏಕೆ ಮುಟ್ಟಲಿಲ್ಲ? ರಾಜಕೀಯ ಅಂಜಿಕೆ ಒಂದು ಕಾರಣ ನಿಜ; ಗಡಿಯ ರಾಜ್ಯಗಳು ಕೈಬಿಟ್ಟು ಹೋಗುವ ಭಯ ಲಿಂಕನ್ ಅವರಿಗೆ ಇದ್ದೇ ಇತ್ತು. ಆದರೆ ಗಟ್ಟಿಯಾದ ಉತ್ತರವಿರುವುದು ಕಾನೂನಿನಲ್ಲಿ. ಶಾಂತಿಕಾಲದಲ್ಲಿ ಗುಲಾಮಗಿರಿಯು ಆಯಾ ರಾಜ್ಯದ ಕಾನೂನಿಗೆ ಬಿಟ್ಟ ವಿಷಯವಾಗಿತ್ತು, ಅದನ್ನು ರದ್ದುಪಡಿಸುವ ಅಧಿಕಾರ ಅಧ್ಯಕ್ಷರಿಗೆ ಇರಲಿಲ್ಲ. ಸೇನೆಯ ಮಹಾದಂಡನಾಯಕರಾಗಿ ಮಾತ್ರ, ವೈರಿಯ ಯುದ್ಧಬಲವನ್ನು ಕಸಿದುಕೊಳ್ಳುವ ಅಧಿಕಾರ ಅವರಿಗಿತ್ತು. ದಕ್ಷಿಣದಲ್ಲಿ ಹೊಲ ಉಳುತ್ತಿದ್ದವರೂ ಕಂದಕ ತೋಡುತ್ತಿದ್ದವರೂ ಗುಲಾಮಗಿರಿಯಲ್ಲಿದ್ದವರೇ ಆದ್ದರಿಂದ, ಅವರನ್ನು ಬಿಡುಗಡೆ ಮಾಡುವುದು ಸೈನಿಕ ಕ್ರಮವೆನಿಸಿತು. ವೈರಿ ಇಲ್ಲದ ಕಡೆ ಆ ಅಧಿಕಾರವೂ ಇಲ್ಲ.

ಯಾವುದೇ ಊರಿನ ಬಗ್ಗೆ ಸಂದೇಹ ಬಂದರೆ ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಅದು ಬಂಡೆದ್ದ ರಾಜ್ಯದಲ್ಲಿತ್ತೇ? ಇದ್ದರೆ, ಘೋಷಣೆಯು ಅದನ್ನು ತನ್ನ ಪಟ್ಟಿಯಿಂದ ಬಿಟ್ಟೋ ಹೆಸರಿಸಿಯೋ ಹೊರಗಿಟ್ಟಿತೇ? ಕೆಂಟಕಿ ಮೊದಲ ಪ್ರಶ್ನೆಯಲ್ಲೇ ಹೊರಬೀಳುತ್ತದೆ. ಟೆನೆಸ್ಸಿ ಬಂಡೆದ್ದಿತ್ತು, ಆದರೆ ಆ ಹೊತ್ತಿಗೆ ಅದರ ಬಹುಭಾಗ ಉತ್ತರದ ಸೇನೆಯ ವಶದಲ್ಲಿತ್ತು. ಘೋಷಣೆಯು ಕೊಟ್ಟ ಬಂಡೆದ್ದ ರಾಜ್ಯಗಳ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ, ಹಾಗಾಗಿ ಅದೂ ಹೊರಗೆ. ಲೂಯಿಸಿಯಾನದಲ್ಲಿ ನ್ಯೂ ಆರ್ಲಿಯನ್ಸ್ ನಗರವೂ ಅದರ ಆಸುಪಾಸಿನ ಭಾಗಗಳೂ ಒಂದೊಂದಾಗಿ ಹೆಸರಿಸಿ ಬಿಡಲ್ಪಟ್ಟಿವೆ, ಉಳಿದ ಲೂಯಿಸಿಯಾನ ಘೋಷಣೆಯೊಳಗಿದೆ. ಮುಂದೆ ಪಶ್ಚಿಮ ವರ್ಜೀನಿಯಾ ರಾಜ್ಯವಾಗಲಿದ್ದ 48 ಕೌಂಟಿಗಳೂ (ನಮ್ಮ ಜಿಲ್ಲೆಗಳಂಥ ಆಡಳಿತ ಭಾಗಗಳು) ಹೊರಗೆ.

ಇಲ್ಲಿಂದಲೇ ಎರಡನೆಯ ಗೊಂದಲ ಹುಟ್ಟುತ್ತದೆ. ಲಿಂಕನ್ ತಮ್ಮ ಕೈಗೆಟುಕದವರನ್ನಷ್ಟೇ ಬಿಡುಗಡೆ ಮಾಡಿದರು, ಆ ದಿನ ಒಬ್ಬರಿಗೂ ಸ್ವಾತಂತ್ರ್ಯ ಸಿಗಲಿಲ್ಲ ಎಂಬ ಕುಹಕದ ಮಾತು ವಿದ್ಯಾರ್ಥಿಗಳ ಪರೀಕ್ಷೆಯ ಉತ್ತರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ಪೂರ್ತಿ ಸರಿಯಲ್ಲ. ದಕ್ಷಿಣ ಕ್ಯಾರೊಲೈನಾದ ಕರಾವಳಿ ದ್ವೀಪಗಳು 1861ರ ನವೆಂಬರಿನಿಂದಲೇ ಉತ್ತರದ ಸೇನೆಯ ವಶದಲ್ಲಿದ್ದವು, ಆದರೂ ಅವನ್ನು ಹೊರಗಿಟ್ಟಿರಲಿಲ್ಲ. ಪೋರ್ಟ್ ರಾಯಲ್ ದ್ವೀಪದಲ್ಲಿ ಅದೇ ದಿನ ನೆರೆದ ಜನರೆದುರು ಘೋಷಣೆಯನ್ನು ಓದಲಾಯಿತು, ಅಲ್ಲಿನವರು ಅಂದೇ ಸ್ವತಂತ್ರರಾದರು. ಬೇರೆಡೆ ಸೇನೆ ಮುಂದುವರಿದಷ್ಟೂ ಬಿಡುಗಡೆ ಮುಂದುವರಿಯಿತು. ಇನ್ನು ಕೆಲವರು ಘೋಷಣೆಗೆ ಕಾಯಲೂ ಇಲ್ಲ: ಗುಲಾಮಗಿರಿಯಲ್ಲಿದ್ದ ಹಡಗು ಚಾಲಕ ರಾಬರ್ಟ್ ಸ್ಮಾಲ್ಸ್ 1862ರ ಮೇ 13ರ ನಸುಕಿನಲ್ಲಿ ಪ್ಲಾಂಟರ್ ಎಂಬ ಹಡಗನ್ನೇ ತಮ್ಮ ಕುಟುಂಬದೊಡನೆ ಚಾರ್ಲ್‌ಸ್ಟನ್ ಬಂದರಿನಿಂದ ಹೊರಡಿಸಿ ಉತ್ತರದ ನೌಕಾಪಡೆಗೆ ಒಪ್ಪಿಸಿದರು. ಮುಂದೆ ಅವರು ಅಮೆರಿಕದ ಸಂಸತ್ತಿನ ಸದಸ್ಯರೂ ಆದರು.

ಘೋಷಣೆಯು ಕಪ್ಪು ಜನರಿಗೆ ಸೇನೆಯ ಬಾಗಿಲನ್ನೂ ತೆರೆಯಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಹೋರಾಡುತ್ತಿದ್ದ ಫ್ರೆಡರಿಕ್ ಡಗ್ಲಸ್ ಊರೂರು ತಿರುಗಿ ಯುವಕರನ್ನು ಸೇನೆಗೆ ಕರೆದರು, ಅವರ ಇಬ್ಬರು ಮಕ್ಕಳು 54ನೆಯ ಮ್ಯಾಸಚೂಸೆಟ್ಸ್ ರೆಜಿಮೆಂಟಿಗೆ ಸೇರಿದರು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,80,000 ಕಪ್ಪು ಸೈನಿಕರು ಉತ್ತರದ ಪರವಾಗಿ ಹೋರಾಡಿದ್ದರು.

ಉಳಿದ ತಿರುವುಗಳು

1863ರ ಜುಲೈ 1ರಿಂದ 3ರವರೆಗಿನ ಗೆಟಿಸ್‌ಬರ್ಗ್ ಕಾಳಗದಲ್ಲಿ ಉತ್ತರ ಗಳಿಸಿದ ಗೆಲುವಿಗೆ ಸಿಗುವ ಮರ್ಯಾದೆ ಅದರ ಮರುದಿನ ಶರಣಾದ, ಮಿಸಿಸಿಪಿ ನದಿಯ ದಂಡೆಯ ವಿಕ್ಸ್‌ಬರ್ಗ್ ಪಟ್ಟಣಕ್ಕೆ ಸಿಗುವುದಿಲ್ಲ, ಇದು ಅನ್ಯಾಯವೆಂದೇ ನನ್ನ ಎಣಿಕೆ. ಉತ್ತರದ ಸೇನಾಪತಿ ಯುಲಿಸಿಸ್ ಗ್ರಾಂಟ್ ಅವರ ಮುತ್ತಿಗೆಯಿಂದ ವಿಕ್ಸ್‌ಬರ್ಗ್ ಬಿದ್ದು, ಕೆಲವೇ ದಿನಗಳಲ್ಲಿ ಮಿಸಿಸಿಪಿ ನದಿಯ ಉದ್ದಕ್ಕೂ ಉತ್ತರದ ಹತೋಟಿ ಸ್ಥಾಪನೆಯಾಗಿ ದಕ್ಷಿಣ ಎರಡು ಹೋಳಾಯಿತು. 1864ರ ಸೆಪ್ಟೆಂಬರಿನಲ್ಲಿ ಉತ್ತರದ ಇನ್ನೊಬ್ಬ ಸೇನಾಪತಿ ವಿಲಿಯಂ ಶೆರ್ಮನ್ ದಕ್ಷಿಣದ ಅಟ್ಲಾಂಟಾ ನಗರವನ್ನು ಹಿಡಿದದ್ದು ನವೆಂಬರಿನ ಚುನಾವಣೆಯಲ್ಲಿ ಲಿಂಕನ್ ಅವರ ಕೈ ಹಿಡಿಯಿತು. ಎದುರಾಳಿ ಅದೇ ಮೆಕ್‌ಕ್ಲೆಲನ್. ದಕ್ಷಿಣದ ಬಂದರುಗಳ ದಿಗ್ಬಂಧನದಿಂದ ಇಂಗ್ಲೆಂಡಿನ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ನಮ್ಮ ಧಾರವಾಡ ಸೀಮೆಯ ಹತ್ತಿಗೂ ಬೆಲೆ ಏರಿ, ಯುದ್ಧ ಮುಗಿದ ಮೇಲೆ ಇಳಿಯಿತೆಂಬುದನ್ನೂ ಇಲ್ಲೇ ಬರೆದಿಟ್ಟುಕೊಳ್ಳಬಹುದು.

1865ರ ಏಪ್ರಿಲ್ 9ರಂದು ಲೀ ಶರಣಾದರು, ಏಪ್ರಿಲ್ 14ರಂದು ಲಿಂಕನ್ ಅವರಿಗೆ ಗುಂಡೇಟು ಬಿದ್ದು ಮರುದಿನ ತೀರಿಕೊಂಡರು. ಜೂನ್ 19ರಂದು ಟೆಕ್ಸಸ್‌ನ ಗಾಲ್ವೆಸ್ಟನ್‌ನಲ್ಲಿ ಜನರಲ್ ಗೋರ್ಡನ್ ಗ್ರೇಂಜರ್ ಬಿಡುಗಡೆಯ ಆದೇಶ ಹೊರಡಿಸಿದಾಗಲೂ ಕೆಂಟಕಿ ಮತ್ತು ಡೆಲವೇರ್‌ನಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿಯೇ ಇತ್ತು. ಮೇರಿಲ್ಯಾಂಡ್ ಮತ್ತು ಮಿಸೌರಿ ಅಷ್ಟರಲ್ಲಿ ತಾವಾಗಿಯೇ ಅದನ್ನು ರದ್ದುಪಡಿಸಿದ್ದವು. ಉಳಿದೆರಡು ರಾಜ್ಯಗಳನ್ನು ಮುಟ್ಟಲು ಸೈನಿಕ ಆದೇಶ ಸಾಲದೆ ದೇಶದೆಲ್ಲೆಡೆ ಗುಲಾಮಗಿರಿಯನ್ನು ನಿಷೇಧಿಸುವ ಸಂವಿಧಾನದ 13ನೆಯ ತಿದ್ದುಪಡಿಯೇ ಬೇಕಾಯಿತು. ಬೇಕಿದ್ದ 27 ರಾಜ್ಯಗಳ ಅನುಮೋದನೆ 1865ರ ಡಿಸೆಂಬರ್ 6ರಂದು ಪೂರ್ಣಗೊಂಡಿತು, ಕೊನೆಯ ಒಪ್ಪಿಗೆ ಕೊಟ್ಟದ್ದು ಬಂಡೆದ್ದಿದ್ದ ಜಾರ್ಜಿಯಾ.