ಗಣಿ ನೆಲದಲ್ಲಿ ಗಿಡ ನೆಡೋಕೂ ಸಂಶೋಧನೆ ಬೇಕಾ?

ಓದುಗರ ಪ್ರಶ್ನೆ: ಗಣಿ ಮುಗಿದ ಜಾಗದಲ್ಲಿ ಮರ ಬೆಳೆಸುವುದರ ಮೇಲೆ ಎಂಎಸ್ಸಿ, ಪಿಎಚ್‌ಡಿ ಎಲ್ಲ ಮಾಡುತ್ತಾರಂತೆ. ಗುಂಡಿ ತೋಡಿ ಗಿಡ ನೆಟ್ಟರೆ ಆಯ್ತಲ್ವಾ? ಸಂಶೋಧನೆ ಮಾಡೋಕೆ ಅದರಲ್ಲಿ ಏನಿದೆ?

ಒಕ್ಕಣೆಗೆ ಕಣ ಮಾಡುವುದನ್ನು ನೋಡಿದ್ದೀರಾ? ನೀರು ಹಾಕಿ, ಬಡಿದು, ಸಗಣಿ ಸಾರಿಸಿ ನೆಲ ಗಟ್ಟಿ ಮಾಡುತ್ತಾರೆ. ಆ ಕಣದಲ್ಲಿ ಯಾರೂ ಸಸಿ ನೆಡುವುದಿಲ್ಲ. ಅಮೆರಿಕದ ಅಪಲಾಚಿಯನ್ ಬೆಟ್ಟಗಳ ಕಲ್ಲಿದ್ದಲು ಗಣಿಗಳಲ್ಲಿ ಎಷ್ಟೋ ವರ್ಷ ನೆಟ್ಟಿದ್ದು ಹೆಚ್ಚು ಕಡಿಮೆ ಅಂಥ ನೆಲದಲ್ಲೇ.

1977ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಬೆಟ್ಟ ಅಗೆದವರೇ ಅದನ್ನು ಸರಿಪಡಿಸಬೇಕು ಎಂದಿತು. ಒಳ್ಳೆಯ ಕಾನೂನೇ. ಆದರೆ ಮಣ್ಣು ಕುಸಿಯಬಾರದು, ಕೊಚ್ಚಿ ಹೋಗಬಾರದು ಎಂದು ಬುಲ್ಡೋಜರನ್ನು ಮತ್ತೆ ಮತ್ತೆ ಓಡಿಸಿ ನೆಲವನ್ನು ನುಣ್ಣಗೆ ಮಾಡಿದರು. ಮೇಲೆ ಬೇಗ ಹಬ್ಬುವ ಹುಲ್ಲು ಬಿತ್ತಿದರು. ನೋಡೋಕೆ ಹಸಿರು. ಒಳಗೆ ಬೇರು ಇಳಿಯದು, ಮಳೆನೀರು ಇಂಗದು. ಸಸಿಗೆ ಸಿಗಬೇಕಾದ ನೀರು, ಬೆಳಕು ಎರಡನ್ನೂ ಹುಲ್ಲು ಕಿತ್ತುಕೊಳ್ಳುತ್ತದೆ. ಅದರಲ್ಲಿ ಅಡಗಿದ ಇಲಿಗಳು ಎಳೆ ತೊಗಟೆ ಕಡಿಯುತ್ತವೆ.

ಕೆಂಟಕಿ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಸ್ಟಾರ್‌ಫೈರ್ ಎಂಬ ಗಣಿಯಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಒಂದು ಕಡೆ ಎಂದಿನಂತೆ ಗಟ್ಟಿ ಮಾಡಿದ ನೆಲ. ಇನ್ನೊಂದು ಕಡೆ ಲಾರಿ ಸುರಿದ ಗುಪ್ಪೆಗಳನ್ನು ಹಾಗೇ ಬಿಟ್ಟ ನೆಲ. ಮತ್ತೊಂದರಲ್ಲಿ ಗುಪ್ಪೆಗಳ ತುದಿಯನ್ನಷ್ಟೇ ಬುಲ್ಡೋಜರಿನಿಂದ ಸವರಿದ್ದರು. ಮೂರರಲ್ಲೂ ಓಕ್, ವಾಲ್‌ನಟ್, ಪೈನ್ ಸಸಿಗಳನ್ನು ನೆಟ್ಟರು. ಸಡಿಲ ನೆಲದ ಸಸಿಗಳೇ ಚೆನ್ನಾಗಿ ಬದುಕಿ ಬೆಳೆದವು. ಅಂದರೆ ಕಣ್ಣಿಗೆ ಒರಟಾಗಿ, ಅಂದಗೆಟ್ಟು ಕಾಣುವ ನೆಲವೇ ಮರಕ್ಕೆ ಒಳ್ಳೆಯದು! ಇದು ಸುಮ್ನೆ ನೋಡಿ ಹೇಳುವ ಮಾತಲ್ಲ. ಎಷ್ಟು ಸಸಿ ಉಳಿದವು, ಕಾಂಡ ಎಷ್ಟು ದಪ್ಪವಾಯಿತು, ಮಣ್ಣು ಎಷ್ಟು ಗಟ್ಟಿ ಎಂದು ಬಿಸಿಲಲ್ಲಿ ಕೂತು ಒಂದೊಂದಾಗಿ ಅಳೆಯಬೇಕು. ಎಂಎಸ್ಸಿ ಎರಡು ವರ್ಷಕ್ಕೆ ಮುಗಿಯುತ್ತದೆ, ಓಕ್ ಮರಕ್ಕೆ ಅದು ಏನೂ ಅಲ್ಲ. ಹಾಗಾಗಿ ಒಬ್ಬರು ನೆಟ್ಟ ಸಾಲನ್ನು ಮುಂದೆ ಬಂದವರು ಅಳೆಯಬೇಕಾಗುತ್ತದೆ. ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾಗುವುದು ಇದೇ.

2004ರಲ್ಲಿ ಸರ್ಕಾರ, ವಿಶ್ವವಿದ್ಯಾಲಯ, ಗಣಿಯವರು ಸೇರಿ ಈ ವಿಧಾನವನ್ನು ಹರಡಲು ಶುರುಮಾಡಿದರು. ಮೇಲಿನ ನಾಲ್ಕು ಅಡಿ ಮಣ್ಣು ಸಡಿಲವಾಗಿರಬೇಕು, ಹುಲ್ಲು ಸಸಿಯನ್ನು ಮುಚ್ಚುವಂತಿರಬಾರದು. ಹಿಂದೆ ಗಟ್ಟಿ ಮಾಡಿಟ್ಟ ನೆಲವನ್ನು ಬುಲ್ಡೋಜರಿನ ಹಿಂದೆ ಉಕ್ಕಿನ ಹಲ್ಲು ಕಟ್ಟಿ ಆಳವಾಗಿ ಸೀಳುತ್ತಾರೆ. ರೋಗ ಬಂದು ಕಾಡಿನಿಂದ ಹೆಚ್ಚೂಕಮ್ಮಿ ಅಳಿಸಿಹೋದ ಅಮೆರಿಕನ್ ಚೆಸ್ಟ್‌ನಟ್ ಮರವನ್ನು, ರೋಗ ತಡೆಯುವ ತಳಿಯೊಂದಿಗೆ ಬೆರೆಸಿ, ಇಂಥ ನೆಲಗಳಲ್ಲೂ ನೆಡುತ್ತಿದ್ದಾರೆ.

ಹಾಗಾದರೆ ನಮ್ಮ ಸಂಡೂರಿಗೂ ಇದೇ ಸಾಕಾ? ಸಾಲದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಗಣಿ ಮತ್ತೆ ತೆರೆಯಲು ನೆಲ ಸರಿಪಡಿಸುವ ಯೋಜನೆ ಕಡ್ಡಾಯವಾಯಿತು. ಆದರೆ ಇಲ್ಲಿರುವುದು ಕಬ್ಬಿಣದ ಅದಿರಿನ ಕಡಿದಾದ ತ್ಯಾಜ್ಯದ ಗುಡ್ಡಗಳು. ಮಳೆ ಬಂದರೆ ಕೆಂಪು ಮಣ್ಣು ಕೆಳಗಿನ ಹೊಲಕ್ಕೆ, ಹಳ್ಳಕ್ಕೆ ಇಳಿಯುತ್ತದೆ. ಮೊದಲು ತಡೆಗೋಡೆ, ಚೆಕ್ ಡ್ಯಾಂ ಬೇಕು. ಈ ಇಳಿಜಾರಿನಲ್ಲಿ ಮಣ್ಣನ್ನು ಎಷ್ಟು ಸಡಿಲ ಬಿಟ್ಟರೆ ಬೇರು ಇಳಿದೀತು, ಎಷ್ಟು ಬಿಟ್ಟರೆ ಹಳ್ಳ ಸೇರೀತು? ಅದನ್ನು ಕೆಂಟಕಿಯ ಪ್ರಬಂಧ ಹೇಳುವುದಿಲ್ಲ. ಇಲ್ಲೇ ನೆಟ್ಟು, ಇಲ್ಲೇ ಅಳೆಯಬೇಕು.