ಬಲೂನು ಸೊರಗಿದ್ದೇಕೆ? ಇಂಗಾಲ ಸೋಸುವ ಪೊರೆಯ ಹಿನ್ನೆಲೆ

ಹುಟ್ಟುಹಬ್ಬದ ಮರುದಿನ ನೋಡಿ, ಗಂಟು ಬಿಚ್ಚದಿದ್ದರೂ ಬಲೂನು ಸುಕ್ಕಾಗಿರುತ್ತದೆ. ಗಾಳಿ ರಬ್ಬರಿನೊಳಗಿಂದಲೇ ದಾಟಿ ಹೋಗಿರುತ್ತದೆ. 1831ರಲ್ಲಿ ಫಿಲಡೆಲ್ಫಿಯಾದ ವೈದ್ಯ ಜಾನ್ ಮಿಚೆಲ್ ಇದನ್ನು ಬೇರೆ ಬೇರೆ ಅನಿಲಗಳಲ್ಲಿ ಪರೀಕ್ಷಿಸಿದ. ಇಂಗಾಲದ ಡೈಆಕ್ಸೈಡ್ ಬಲು ಚುರುಕಾಗಿ ದಾಟುತ್ತಿತ್ತು.

ತೂತೇ ಇಲ್ಲದ ರಬ್ಬರನ್ನು ದಾಟುವುದು ಹೇಗೆ? 1866ರಲ್ಲಿ ರಸಾಯನ ವಿಜ್ಞಾನಿ ಥಾಮಸ್ ಗ್ರಹಾಂ ವಿವರಿಸಿದ: ಅನಿಲ ಈಚೆ ಬದಿಯಲ್ಲಿ ಕರಗಿ, ಒಳಗೆ ಹರಡಿ, ಆಚೆ ಬದಿಯಲ್ಲಿ ಹೊರಬೀಳುತ್ತದೆ. ಹಾಗಾಗಿ ಇಂಗಾಲದ ಡೈಆಕ್ಸೈಡನ್ನು ಬೇರೆ ಅನಿಲಗಳಿಂದ ಸೋಸುವ ಪೊರೆಯನ್ನು ಜರಡಿ ಎನ್ನುವುದು ಅರ್ಧ ಸತ್ಯ. ಇಂಗಾಲದ ಡೈಆಕ್ಸೈಡ್ ಅಣು ನೈಸರ್ಗಿಕ ಅನಿಲದ ಮುಖ್ಯ ಭಾಗವಾದ ಮೀಥೇನಿನದಕ್ಕಿಂತ ಸಪೂರ, ನಿಜ; ಅದರ ಜೊತೆಗೆ ಪಾಲಿಮರಿನಲ್ಲಿ, ಅಂದರೆ ರಬ್ಬರ್, ಪ್ಲಾಸ್ಟಿಕ್ಕಿನಂಥ ಉದ್ದ ಸರಪಳಿ ಅಣುಗಳ ವಸ್ತುವಿನಲ್ಲಿ, ಹೆಚ್ಚು ಕರಗುತ್ತದೆ ಕೂಡ.

ಗುಟ್ಟು ತಿಳಿದರೂ ಸುಮಾರು ನೂರು ವರ್ಷ ಕಾರ್ಖಾನೆಗೆ ಪ್ರಯೋಜನವಾಗಲಿಲ್ಲ. ಪೊರೆ ದಪ್ಪವಿದ್ದರೆ ಅನಿಲ ತೊಟ್ಟಿಕ್ಕಿದಂತೆ ಬರುತ್ತದೆ, ತೆಳುವಾದರೆ ಹರಿಯುತ್ತದೆ. ದಾರಿ ಸಿಕ್ಕಿದ್ದು ಸಮುದ್ರದ ನೀರನ್ನು ಸಿಹಿ ಮಾಡಲು ಹೊರಟವರಿಂದ. 1960ರ ಸುಮಾರಿಗೆ ಲಾಸ್ ಏಂಜಲೀಸ್‌ನಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಸೆಲ್ಯುಲೋಸ್ ಅಸಿಟೇಟಿನಲ್ಲಿ ಹೊಸ ಬಗೆಯ ಪೊರೆ ಮಾಡಿದರು. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಮೇಲೊಂದು ಬಿಗಿ ಪದರ, ಕೂದಲಿಗಿಂತ ನೂರಾರು ಪಟ್ಟು ತೆಳು. ಕೆಳಗೆ ಆಸರೆಗೆ ಸ್ಪಂಜಿನಂಥ ಭಾಗ.

ಆದರೆ ನೀರಿನ ಪೊರೆ ಸಹಿಸುವ ಸಣ್ಣ ತೂತನ್ನು ಅನಿಲದ ಪೊರೆ ಸಹಿಸದು. ಮಾನ್ಸಾಂಟೊ ಕಂಪನಿಯ ಹೆನಿಸ್ ಮತ್ತು ಟ್ರಿಪೋಡಿ ಅದರ ಮೇಲೆ ಸಿಲಿಕೋನ್ ರಬ್ಬರ್ ಬಳಿದು ತೂತು ಮುಚ್ಚಿದರು. ಪಂಕ್ಚರ್ ಅಂಗಡಿಯ ಬುದ್ಧಿ! 1980ರಲ್ಲಿ ಅದು ಜಲಜನಕ ಬೇರ್ಪಡಿಸಲು ಮಾರುಕಟ್ಟೆಗೆ ಬಂತು. ಕೆಲವೇ ವರ್ಷಗಳಲ್ಲಿ ನೈಸರ್ಗಿಕ ಅನಿಲದಿಂದ ಇಂಗಾಲದ ಡೈಆಕ್ಸೈಡ್ ತೆಗೆಯಲು ಸೆಲ್ಯುಲೋಸ್ ಅಸಿಟೇಟ್ ಪೊರೆಗಳು ಬಂದವು.

ಆಮೇಲೆ ಕಂಡದ್ದು ಗೋಡೆ. ಅನಿಲವನ್ನು ಬೇಗ ಬಿಡುವ ಪಾಲಿಮರ್ ಯಾವುದನ್ನು ಬಿಡಬೇಕೆಂದು ಸರಿಯಾಗಿ ಆರಿಸದು, ಚೆನ್ನಾಗಿ ಆರಿಸುವುದು ಬೇಗ ಬಿಡದು. 1991ರಲ್ಲಿ ಅಮೆರಿಕದ ಪಾಲಿಮರ್ ವಿಜ್ಞಾನಿ ಲಾಯ್ಡ್ ರಾಬ್ಸನ್ ಆ ಮಿತಿಯನ್ನು ನಕ್ಷೆಯಲ್ಲಿ ಗೆರೆಯಾಗಿ ಎಳೆದ. ಮ್ಯಾಂಚೆಸ್ಟರ್‌ನಲ್ಲಿ ಒತ್ತಾಗಿ ಮಡಚಿಕೊಳ್ಳಲಾರದ, ಒಳಗೆಲ್ಲ ಸಂದುಗಳಿರುವ ಪಾಲಿಮರುಗಳು ಹುಟ್ಟಿದವು. ಕೊರಿಯಾದಲ್ಲಿ ಕಾಯಿಸಿ ರಚನೆ ಬದಲಿಸಿದ ಪಾಲಿಮರುಗಳು ಬಂದವು. 2008ರಲ್ಲಿ ರಾಬ್ಸನ್ ತನ್ನ ಗೆರೆಯನ್ನೇ ಮೇಲಕ್ಕೆ ಸರಿಸಬೇಕಾಯಿತು. ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿ ಪಾಲಿಮರ್ ಊದಿಕೊಂಡು ಮೀಥೇನನ್ನೂ ಬಿಟ್ಟುಬಿಡುವ ಕಾಟ ಮಾತ್ರ ಪೂರ್ತಿ ಹೋಗಿಲ್ಲ.

ನನ್ನ ಮಟ್ಟಿಗೆ ಗೆರೆಗಿಂತ ದೊಡ್ಡ ತೊಡಕು ವಿದ್ಯುತ್ ಸ್ಥಾವರದ ಚಿಮಣಿಯದು. ಬಾವಿಯಿಂದ ಬರುವ ಅನಿಲಕ್ಕೆ ತನ್ನದೇ ಒತ್ತಡವಿದೆ, ಅದೇ ಪೊರೆಯಾಚೆ ತಳ್ಳುತ್ತದೆ. ಕಲ್ಲಿದ್ದಲ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ. 12ರಿಂದ 15, ಒತ್ತಡವೋ ಹೊರಗಿನ ಗಾಳಿಯಷ್ಟೇ. ಒತ್ತಲು ಹೋದರೆ ಸ್ಥಾವರದ ವಿದ್ಯುತ್ತನ್ನೇ ತಿನ್ನುತ್ತದೆ. ಆದ್ದರಿಂದ ಅಮೆರಿಕದ ಎಂಜಿನಿಯರುಗಳು ಹೊಗೆಯನ್ನು ಒತ್ತುವ ಬದಲು ಪೊರೆಯ ಆಚೆ ಬದಿಗೆ ನಿರ್ವಾತ ಪಂಪು ಇಟ್ಟು ಎಳೆದರು. ಮತ್ತೊಂದು ಹಂತದಲ್ಲಿ ಬಾಯ್ಲರಿಗೆ ಹೋಗುವ ಗಾಳಿಯನ್ನೇ ಪೊರೆಯ ಆಚೆ ಬದಿಯಲ್ಲಿ ಹಾಯಿಸಿ, ಉಳಿದ ಇಂಗಾಲದ ಡೈಆಕ್ಸೈಡನ್ನು ಅದರ ಜೊತೆ ಒಲೆಗೇ ಮರಳಿಸಿದರು.