ಜಿಲ್ಲಾ ಪಂಚಾಯಿತಿ ಚುನಾವಣೆ: ಕಗ್ಗಂಟಿನ ಹಿಂದಿನ ಕಥೆ

ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಬಾರಿ ಮತದಾನ ನಡೆದದ್ದು 2016ರ ಫೆಬ್ರುವರಿಯಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿದು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕಳೆದರೂ ಚುನಾವಣೆ ನಡೆಯದೆ, ಆಡಳಿತಾಧಿಕಾರಿಗಳೇ ಅಧಿಕಾರ ನಡೆಸಿದರು. ಕ್ಷೇತ್ರ ಪುನರ್‌ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂಬ ಮೂರು ಮಾತುಗಳು ಈ ವಿಳಂಬಕ್ಕೆ ಉತ್ತರವಾಗಿ ಪದೇ ಪದೇ ಕೇಳಿಬಂದಿವೆ. ಆದರೆ ತೊಡಕಿನ ಬೇರು ಇನ್ನೂ ಹಿಂದಿದೆ.

ಏಕೀಕರಣದ ಬಳಿಕ ಬಂದ 1959ರ ಕಾಯ್ದೆ ಗ್ರಾಮ ಪಂಚಾಯಿತಿ ಮತ್ತು ತಾಲ್ಲೂಕು ಅಭಿವೃದ್ಧಿ ಮಂಡಳಿಗಳನ್ನು ಕೊಟ್ಟಿತಾದರೂ ಜಿಲ್ಲಾ ಮಟ್ಟದ ಪರಿಷತ್ತನ್ನು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲೇ ಉಳಿಸಿತು. ಅದು ಬದಲಾದದ್ದು ರಾಮಕೃಷ್ಣ ಹೆಗಡೆ ಅವರ ಸರ್ಕಾರ ರೂಪಿಸಿದ 1983ರ ಕಾಯ್ದೆಯಿಂದ. ರಾಷ್ಟ್ರಪತಿಗಳ ಅಂಕಿತಕ್ಕೆ ಎರಡು ವರ್ಷ ಕಾಯಬೇಕಾಗಿ ಬಂದು, ಚುನಾವಣೆ ನಡೆಯುವಾಗ 1987 ಆಗಿತ್ತು. ಕೊಳವೆಬಾವಿಗಳಿಂದಾಗಿ 'ನೀರ್ ಸಾಬ್' ಎಂದೇ ಜನರ ನೆನಪಿನಲ್ಲಿ ಉಳಿದಿರುವ ಸಚಿವ ಅಬ್ದುಲ್ ನಜೀರ್ ಸಾಬ್ ಈ ವ್ಯವಸ್ಥೆಯ ಬೆನ್ನೆಲುಬಾಗಿದ್ದರು.

ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು. ಅವರ ಕೈಕೆಳಗೆ ಕೆಲಸ ಮಾಡುವ ಮುಖ್ಯ ಕಾರ್ಯದರ್ಶಿ ಸೇವಾ ಹಿರಿತನದಲ್ಲಿ ಜಿಲ್ಲಾಧಿಕಾರಿಗಿಂತ ಮೇಲಿನವರಾಗಿದ್ದರು. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಗ್ರಾಮೀಣ ಕಾಮಗಾರಿಗಳು ಸಿಬ್ಬಂದಿ ಮತ್ತು ಹಣದ ಸಮೇತ ಪರಿಷತ್ತಿನ ಅಧೀನಕ್ಕೆ ಬಂದವು. ಸಂವಿಧಾನ ಕಡ್ಡಾಯಗೊಳಿಸುವುದಕ್ಕೆ ಎಷ್ಟೋ ಮೊದಲೇ ಇಲ್ಲಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಾಗಿತ್ತು. ಶಿಕ್ಷಕರು ಶಾಲೆಗೆ ಬರುತ್ತಿಲ್ಲವೆಂಬ ದೂರನ್ನು ರಾಜಧಾನಿಗೆ ಒಯ್ಯದೆ, ಕೆಲವು ಹಳ್ಳಿಗಳನ್ನು ಸೇರಿಸಿ ರಚಿಸಿದ್ದ ಮಂಡಲ ಪಂಚಾಯಿತಿಯಲ್ಲೇ ಎತ್ತಲು ಸಾಧ್ಯವಾದದ್ದು ಸಣ್ಣ ಬದಲಾವಣೆಯಲ್ಲ. ಹಾಜರಾತಿ ಸುಧಾರಿಸಿದ್ದನ್ನು ಆ ಕಾಲದ ಅಧ್ಯಯನಗಳೂ ಗುರುತಿಸಿವೆ. ದೋಷಗಳು ಇರಲಿಲ್ಲವೆಂದಲ್ಲ, ತಾಲ್ಲೂಕು ಸಮಿತಿಗೆ ನೇರ ಚುನಾವಣೆಯೇ ಇರಲಿಲ್ಲ. ಆದರೂ ಜಿಲ್ಲೆಗೊಂದು ನಿಜವಾದ ಸರ್ಕಾರವಿದ್ದರೆ ಶಾಸಕರ ಮತ್ತು ಇಲಾಖೆಗಳ ಹಿಡಿತ ಎಷ್ಟು ಸಡಿಲಗೊಳ್ಳುತ್ತದೆ ಎಂಬುದು ಆ ಐದು ವರ್ಷಗಳಲ್ಲಿ ಎಲ್ಲರಿಗೂ ತಿಳಿಯಿತು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು.

ಇಂಥ ನಿಲುಗಡೆಗೆ ಅವಕಾಶವಿರಬಾರದೆಂದೇ ಸಂವಿಧಾನದ 73ನೇ ತಿದ್ದುಪಡಿಯ 243ಇ ವಿಧಿಯು ಐದು ವರ್ಷ ಮುಗಿಯುವ ಮುನ್ನ ಚುನಾವಣೆ ಪೂರ್ಣಗೊಳ್ಳಬೇಕೆಂದು ವಿಧಿಸಿತು. ರಾಜ್ಯದ 1993ರ ಕಾಯ್ದೆ ಅದನ್ನು ಅನುಸರಿಸಿತು. 1995ರಿಂದ 2016ರವರೆಗೆ ಚುನಾವಣೆಗಳು ಹೆಚ್ಚುಕಡಿಮೆ ಸರದಿಯಂತೆ ನಡೆದವು.

2021ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ಕೂಡಿಬಂದವು. ಹಿಂದುಳಿದ ವರ್ಗಗಳ ಮೀಸಲಾತಿಗೆ ಅಂಕಿಅಂಶದ ಆಧಾರವಿರಬೇಕು, ಒಟ್ಟು ಮೀಸಲಾತಿ ಶೇ 50 ದಾಟಬಾರದು ಎಂದು ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಪ್ರಕರಣದಲ್ಲಿ ಹೇಳಿತು. ಅದೇ ವರ್ಷ ಕ್ಷೇತ್ರಗಳ ಗಡಿ ನಿಗದಿಪಡಿಸುವ ಅಧಿಕಾರವು ಕಾಯ್ದೆ ತಿದ್ದುಪಡಿಯ ಮೂಲಕ ರಾಜ್ಯ ಚುನಾವಣಾ ಆಯೋಗದಿಂದ ಪ್ರತ್ಯೇಕ ಆಯೋಗಕ್ಕೆ ಹೋಯಿತು. ಮೊದಲನೆಯದಕ್ಕೆ ಉತ್ತರವಾಗಿ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ 2022ರಲ್ಲೇ ವರದಿ ಕೊಟ್ಟಿತು. ಎರಡನೆಯದರ ಕೆಲಸ ಎಳೆದಾಡುತ್ತಲೇ ಹೋದಾಗ ಹೈಕೋರ್ಟ್ ಅದೇ ಡಿಸೆಂಬರ್‌ನಲ್ಲಿ ಸರ್ಕಾರಕ್ಕೆ ₹5 ಲಕ್ಷ ದಂಡ ವಿಧಿಸಿತು. 2023ರಲ್ಲಿ ಸರ್ಕಾರ ಬದಲಾದ ಮೇಲೂ ಚುನಾವಣೆ ಮುಂದಕ್ಕೆ ಹೋಗುತ್ತಲೇ ಇತ್ತು.

ಚುನಾವಣಾ ಆಯೋಗ ಸಿದ್ಧವಿದ್ದರೂ ಅಂತಿಮ ಗಡಿ ಮತ್ತು ಮೀಸಲಾತಿ ಪಟ್ಟಿ ಕೈಸೇರದೆ ದಿನಾಂಕ ಘೋಷಿಸಲಾರದು. ಆ ಎರಡೂ ಸರ್ಕಾರದ ಅಧಿಸೂಚನೆಯಿಂದಲೇ ಹೊರಡಬೇಕು. ಅಧಿಸೂಚನೆಗೆ ಸಂವಿಧಾನ ಪ್ರತ್ಯೇಕ ಗಡುವು ಹಾಕಿಲ್ಲ. ಇತ್ತ ಕೇಂದ್ರ ಹಣಕಾಸು ಆಯೋಗದ ಅನುದಾನ ಪಡೆಯಲು ಚುನಾಯಿತ ಸಂಸ್ಥೆ ಅಸ್ತಿತ್ವದಲ್ಲಿರಬೇಕೆಂಬ ಷರತ್ತು ಮಾತ್ರ ಸಡಿಲಾಗಿಲ್ಲ.